ಸತ್ಯದ ಪಾಠಕ್ಕೆ ನಾನು ಮಾಡಿದ ತರ್ಜುಮೆ

ನಿಜಾಮರ ಕಾಲದಲ್ಲಿ ರೇಡಿಯೋ ಪೆಟ್ಟಿಗೆಯನ್ನು ಬಂಡಿಯಲ್ಲಿ ಹಾಕಿಕೊಂಡು ಶಾಲೆ ಶಾಲೆ ತಿರುಗೋದು ನನ್ನ ನೌಕರಿ. ಸಂಜೆ ಮಕ್ಕಳಿಗೆ ನೀತಿಯ ಕಾರ್ಯಕ್ರಮ ಕೇಳಿಸಿ, ಅದರ ಉರ್ದುವನ್ನು ಕನ್ನಡದಲ್ಲಿ ಹೇಳಬೇಕು. ಉರ್ದು ಚೆನ್ನಾಗಿ ಬರುತ್ತದೆ ಅಂತ ಅರ್ಜಿಯಲ್ಲಿ ಬರೆಸಿದ್ದೆ. ಬರುತ್ತಿದ್ದದ್ದು ಸಾಹೇಬರಿಗೆ ಸಲಾಮು ಹೊಡೆಯುವಷ್ಟು.

ಮೊಗುಡಂಪಲ್ಲಿಯಲ್ಲಿ ಅವತ್ತು ಸತ್ಯದ ಪಾಠ. ನನಗೆ ತಿಳಿದದ್ದು ಎರಡೇ ಮಾತು: ಬಾದಶಾ, ಮತ್ತೆ ಬಕ್ರಿ, ಅಂದರೆ ಆಡು. ಅಷ್ಟರಲ್ಲೇ ಕಥೆ ಕಟ್ಟಿದೆ. ಬಾದಶಾ ಬಡ ಮುದುಕಿಯ ಆಡು ಕೊಯ್ಸಿ ಉಂಡ, ಆಮೇಲೆ ಅತ್ತ. ಹೇಳುತ್ತ ಹೇಳುತ್ತ ನನ್ನ ಕಣ್ಣೇ ಒದ್ದೆಯಾಯಿತು.

ಕುರಿ ಕಾಯುವವರ ಮಗಳು ಮಲ್ಲವ್ವ ಎದ್ದು ನಿಂತಳು. ಅಪ್ಪನ ಜೊತೆ ಜಹೀರಾಬಾದ್ ಸಂತೆಗೆ ಹೋಗಿ ಹೋಗಿ ಉರ್ದು ಕಲಿತವಳು.

"ಮಾಸ್ತರ್, ಬಾದಶಾ ಆಡು ತಿಂದಿಲ್ರಿ. ಆಡೇ ಬಾದಶಾನ ತ್ವಾಟ ತಿಂದದ. ಮುದುಕಿ ತಾನೇ ಹೋಗಿ ತಪ್ಪಾಗ್ಯದ ಅಂದಾಳ."

"ಹಂಗೂ ಹೇಳ್ತಾರ," ಅಂದೆ.

ಹುಡುಗಿ ಕೂರಲಿಲ್ಲ. "ಗೊತ್ತಿಲ್ದಿದ್ರೂ ಗೊತ್ತದ ಅಂದ್ರ, ಅದು ಸುಳ್ಳೇನ್ರಿ?"

ಸಹಾಯಕ್ಕೆ ರೇಡಿಯೋ ಕಡೆ ನೋಡಿದೆ. ಅದರೊಳಗೆ ಪಾಠ ಹೇಳುತ್ತಿದ್ದ ಸಾಹೇಬರು ಆಗಲೇ ಖುದಾ ಹಾಫಿಜ್ ಹೇಳಿ ಹೋಗಿದ್ದರು.

"ಹೂಂ ತಂಗಿ, ಸುಳ್ಳೇ. ನನಗ ಈ ಉರ್ದು ತಿಳಿಯೂದಿಲ್ಲ," ಅಂದೆ.

ಮಕ್ಕಳು ಬಿದ್ದು ಬಿದ್ದು ನಕ್ಕರು. ಮಲ್ಲವ್ವ ಮೊದಲಿಂದ ಇಡೀ ಕಥೆ ಹೇಳಿದಳು. ನಾನೂ ಮಕ್ಕಳ ಸಾಲಿನಲ್ಲಿ ಕೂತು ಕೇಳಿದೆ.

ಮರುದಿನ ಕಚೇರಿಯ ಮುನ್ಷಿಯ ಕೈಯಿಂದ ಉರ್ದುವಿನಲ್ಲಿ ವರದಿ ಬರೆಸಿದೆ: ಮಕ್ಕಳಿಗೆ ಸತ್ಯದ ಪಾಠ ಪೂರಾ ತಿಳಿಯಿತು. ಅದು ನಿಜವೇ. ಕೆಳಗೆ, ತರ್ಜುಮೆ ಮಾಡಿದವರು ಅನ್ನುವ ಜಾಗದಲ್ಲಿ, ನನ್ನ ಹೆಸರನ್ನೇ ಹಾಕಿಸಿದೆ.