ಅಪ್ಪ ಮಾಡಿದ ಸೈಡ್‌ಬೋರ್ಡ್

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಶಾಲೆಯ ಹೆಡ್‌ಮೇಡಂ ಒಂದು ಭಾನುವಾರ ಚಿತ್ರದುರ್ಗದ ತಮ್ಮ ಮನೆಗೆ ಊಟಕ್ಕೆ ಕರೆದಿದ್ದರು. ಅವರ ಊಟದ ಕೋಣೆಯಲ್ಲಿ ಗೋಡೆಗೆ ಆನಿಸಿ ಇಟ್ಟಿದ್ದ ಒಂದು ಉದ್ದನೆಯ ಬೀರು ನನ್ನ ಕಣ್ಣಿಗೆ ಬಿತ್ತು. ಎದೆಮಟ್ಟಕ್ಕಿಂತ ತುಸು ತಗ್ಗು. ಮೇಲೆ ನುಣುಪಾದ ಹಲಗೆ, ಅದರ ಕೆಳಗೆ ಮೂರು ಡ್ರಾಯರು, ಎರಡೂ ಪಕ್ಕಕ್ಕೆ ಬಾಗಿಲು, ಹಿಂಬದಿಗೆ ಅಂಚು ಮಾಸಿದ ಕನ್ನಡಿ. ಕಾಲುಗಳು ಬಾಗಿ ಹೊರಕ್ಕೆ ಹೊರಳಿದ್ದವು.

"ಇದು ಸೈಡ್‌ಬೋರ್ಡ್ ಕಣ್ರೀ. ನಮ್ಮನೆಯವರ ತಾತನ ಕಾಲದ್ದು" ಎಂದರು ಮೇಡಂ. ಬಡಿಸುತ್ತಲೇ ಅದರ ಚರಿತ್ರೆ ಹೇಳಿದರು. ಮೊದಲು ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಊಟದ ಮೇಜಿನ ಪಕ್ಕ ಬಟ್ಟಲು, ಲೋಟ ಇಡುವುದಕ್ಕೆ ಬರೀ ಒಂದು ಹಲಗೆ ಇರುತ್ತಿತ್ತಂತೆ. ಆಮೇಲೆ ಅದಕ್ಕೆ ಡ್ರಾಯರು ಬಂದವು, ಬಾಗಿಲು ಬಂದವು. ಒಂದು ಕಾಲಕ್ಕೆ ತೆಳುವಾದ ನೇರ ಕಾಲು, ಇನ್ನೊಂದು ಕಾಲಕ್ಕೆ ಮೈತುಂಬ ಕೆತ್ತನೆ, ನೆತ್ತಿಗೆ ಕನ್ನಡಿ. ದೊರೆಗಳ ಬಂಗಲೆಗಳಿಂದ ಅದು ನಮ್ಮ ಕಡೆಯ ದೊಡ್ಡ ಮನೆಗಳಿಗೂ ನಡೆದು ಬಂತು. ನಾನು ತಲೆಯಾಡಿಸುತ್ತಾ ಕೇಳಿದೆ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ನಮ್ಮ ಮನೆಯಲ್ಲಿ ತಟ್ಟೆ, ಚೊಂಬು ಗೋಡೆಗೆ ಹೊಡೆದ ಹಲಗೆಯ, ಅಂದರೆ ನಾಗಂದಿಗೆಯ ಮೇಲಿರುತ್ತಿದ್ದವು, ನಾವು ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಅಪ್ಪ ಬಡಗಿ. ಬಾಗಿಲು, ಕಿಟಕಿ, ಮೊದಮೊದಲು ನೇಗಿಲೂ ಮಾಡುತ್ತಿದ್ದ. ಮೇಡಂ "ನಿಮ್ಮ ತಂದೆ ಏನ್ ಮಾಡ್ತಾರೆ?" ಎಂದು ಕೇಳಿದಾಗ ನಾನು "ಜಮೀನಿದೆ ಮೇಡಂ" ಎಂದಿದ್ದೆ. ಒಂದೂವರೆ ಎಕರೆ ಇತ್ತು, ನಿಜ. ಅಷ್ಟೇ ನಿಜ.

ಎಷ್ಟೋ ವರ್ಷಗಳ ನಂತರ ಹೊಳಲ್ಕೆರೆಯಲ್ಲಿ ನಾನೂ ನನ್ನ ಗಂಡನೂ ಮನೆ ಕಟ್ಟಿಸಿದೆವು. ಊಟಕ್ಕೆಂದೇ ಒಂದು ಕೋಣೆ ಇಟ್ಟೆವು. ಅಂಗಡಿಗಳಲ್ಲಿ ಹೊಳೆಯುವ ಹಾಳೆ ಅಂಟಿಸಿದ ಪ್ಲೈವುಡ್ಡಿನ ಕ್ರಾಕರಿ ಯೂನಿಟ್ಟುಗಳಿದ್ದವು. ನನಗೆ ಅವು ಬೇಡವಾಗಿದ್ದವು. ಮೇಡಂ ಮನೆಯಲ್ಲಿದ್ದಂಥದೇ ಬೇಕಿತ್ತು. ಊರಿಗೆ ಹೋಗಿ ಮೊಬೈಲಿನಲ್ಲಿ ಅಂಥದೊಂದರ ಚಿತ್ರ ಹುಡುಕಿ ಅಪ್ಪನಿಗೆ ತೋರಿಸಿದೆ.

ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. "ಇದ್ರಾಗೆ ಏನಿಡ್ತಾರವ್ವ?"

"ತಟ್ಟೆ, ಲೋಟ, ಚಮಚ. ಬಡಿಸೋ ಪಾತ್ರೆನ ಮೇಲಿಡ್ತಾರೆ."

"ನಾಗಂದಿಗೆಗೆ ಕಾಲು ಬಂದಂಗೈತೆ ಬಿಡು" ಎಂದು ನಕ್ಕ. "ಚಿತ್ರ ನೋಡಿ ಮಾಡಾಕಾಗಲ್ಲ. ಹಿರಿಯೂರಿನಾಗೆ ಒಂದು ಹಳೇ ಬಂಗ್ಲೆ ಐತೆ, ಅಲ್ಲಿ ಕಾವಲಿರೋನು ನನಗೆ ಗುರುತು. ಅಲ್ಲೊಂದು ಇಂಥದ್ದು ನೋಡಿದ ನೆಪ್ಪು. ಹೋಗಿ ಬರ್ತೀನಿ."

ಅಪ್ಪನಿಗಾಗ ಎಪ್ಪತ್ತು ದಾಟಿತ್ತು. ಎರಡು ಬಸ್ಸು ಬದಲಿಸಿ ಹಿರಿಯೂರಿಗೆ ಹೋದ. ಆ ಬಂಗಲೆಯಲ್ಲಿ ಅರ್ಧ ದಿನ ಕುಕ್ಕರುಗಾಲಲ್ಲಿ ಕೂತು ದಾರದಿಂದ ಅಳೆದು, ಡ್ರಾಯರುಗಳನ್ನು ಹೊರಗೆಳೆದು ಕೀಲು ನೋಡಿ ಬಂದ. ಊರಲ್ಲಿ ಕೆಡವಿದ ಒಂದು ಹಳೇ ಮನೆಯ ಸಾಗುವಾನಿ ತೊಲೆಗಳನ್ನು ಹೇಗೋ ಸಂಪಾದಿಸಿದ. ನಾಲ್ಕು ತಿಂಗಳು ಒಬ್ಬನೇ ಕೆಲಸ ಮಾಡಿದ. ಬಾಗಿದ ಕಾಲು ಮೂರು ಸಲ ಕೆಟ್ಟಿತಂತೆ. ಕೊನೆಗೆ ಲಗೇಜ್ ಆಟೋದಲ್ಲಿ ಗೋಣಿಚೀಲ ಸುತ್ತಿ, ತಾನೂ ಹಿಂದೆ ಅದನ್ನು ಹಿಡಿದು ಕೂತು ಹೊಳಲ್ಕೆರೆಗೆ ತಂದ.

ಗೋಣಿ ಬಿಚ್ಚಿದೆವು. ನೂರು ವರ್ಷದ ಮರ. ಬಣ್ಣವೂ ಹಳೆಯ ಸಾಮಾನಿನಂತೆಯೇ ಇತ್ತು. ಡ್ರಾಯರು ಬೆರಳಲ್ಲಿ ಮುಟ್ಟಿದರೆ ಸಾಕು, ಸದ್ದಿಲ್ಲದೆ ಬರುತ್ತಿತ್ತು.

ಮರುವಾರವೇ ಮೇಡಂ ಮತ್ತು ಅವರ ಯಜಮಾನರನ್ನು ಊಟಕ್ಕೆ ಕರೆದೆ. ಅಷ್ಟರಲ್ಲಿ ಮೇಡಂ ನಿವೃತ್ತರಾಗಿದ್ದರು. ಅಪ್ಪ ಇನ್ನೂ ನಮ್ಮಲ್ಲೇ ಇದ್ದ. ಬಿಳಿ ಪಂಚೆ ಉಟ್ಟು ಊಟದ ಕೋಣೆಯ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಮೇಡಂ ಒಳಗೆ ಬಂದವರೇ ಸೈಡ್‌ಬೋರ್ಡಿನ ಮುಂದೆ ನಿಂತುಬಿಟ್ಟರು. ಹಲಗೆಯ ಮೇಲೆ ಅಂಗೈ ಆಡಿಸಿದರು.

"ಎಂಥಾ ಕೆಲಸ ರೀ! ಎಲ್ಲಿ ಸಿಕ್ತು ಇದು?"

ನಾನು ಏನೂ ಯೋಚಿಸಲಿಲ್ಲ. ಮಾತು ತಾನಾಗಿ ಬಂತು. "ಹಿರಿಯೂರಿನ ಒಂದು ಹಳೇ ಬಂಗಲೆದು ಮೇಡಂ. ಹರಾಜಿನಲ್ಲಿ ತಗೊಂಡ್ವಿ."

ಹೇಳಿದ ಮೇಲೆ ಅಪ್ಪ ಅಲ್ಲೇ ಇದ್ದಾನೆಂಬುದು ನೆನಪಾಯಿತು. ನನ್ನ ಗಂಡ ನೀರಿನ ಜಗ್ಗು ಹಿಡಿದು ಅಡುಗೆಮನೆಗೆ ಹೋದರು. ಮೇಡಂ ಅವರ ಯಜಮಾನರು ಅಪ್ಪನ ಕಡೆ ತಿರುಗಿದರು. "ಯಜಮಾನ್ರೇ, ಎಷ್ಟು ವರ್ಷದ್ದಿರಬಹುದು ಇದು? ನೀವು ಹಳಬರು, ಗೊತ್ತಾಗುತ್ತೆ."

ಅಪ್ಪ ಒಂದು ಗಳಿಗೆ ತನ್ನ ಕೈಗಳನ್ನೇ ನೋಡಿಕೊಂಡ. ಎಡಗೈ ಹೆಬ್ಬೆರಳಿಗೆ ಉಳಿ ತಗುಲಿ ಆದ ಗಾಯ ಇನ್ನೂ ಪೂರ್ತಿ ಮಾಯ್ದಿರಲಿಲ್ಲ. ಅದನ್ನು ಮಡಚಿ ಮುಷ್ಟಿಯೊಳಗಿಟ್ಟ.

"ಹಳೇದೇ ಸ್ವಾಮಿ" ಎಂದ. "ದೊರೆಗಳ ಕಾಲದ್ದು. ಈಗ ಇಂಥ ಕೆಲ್ಸ ಯಾರು ಮಾಡ್ತಾರ್ರಿ?"

ಆ ಊಟ ಹೇಗೆ ಮುಗಿಯಿತೋ ನನಗೆ ಗೊತ್ತಿಲ್ಲ. ಅವರು ಹೋದ ಮೇಲೆ "ಅಪ್ಪ..." ಎಂದು ಶುರುಮಾಡಿದೆ. "ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗ್ತೀನಿ ಕಣವ್ವ, ಊರಾಗೆ ಕೆಲ್ಸ ಐತೆ" ಎಂದ. ಕೋಪವಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ನನಗೆ ಹಗುರಾಗುತ್ತಿತ್ತು. ಬದುಕಿನಲ್ಲಿ ಎಂದೂ ಗಿರಾಕಿಗೆ ಸುಳ್ಳು ಹೇಳದ ಮನುಷ್ಯನ ಬಾಯಲ್ಲಿ ನಾನು ಸುಳ್ಳು ಆಡಿಸಿದ್ದೆ. ಅದೂ ಅವನ ಕೆಲಸ ಅವನದಲ್ಲ ಎಂಬ ಸುಳ್ಳು.

ಏಳೆಂಟು ತಿಂಗಳು ಹೀಗೇ ಕಳೆದವು. ಬಂದವರೆಲ್ಲ ಸೈಡ್‌ಬೋರ್ಡು ಹೊಗಳುತ್ತಿದ್ದರು, ನಾನು ಮಾತು ತೇಲಿಸುತ್ತಿದ್ದೆ. ಒಂದು ದಿನ ಮೇಡಂ ಫೋನ್ ಮಾಡಿದರು. ಅವರ ಸೈಡ್‌ಬೋರ್ಡಿಗೆ ಗೆದ್ದಲು ಹತ್ತಿ ಹಿಂಗಾಲು ಕುಸಿದಿತ್ತು. ಚಿತ್ರದುರ್ಗದಲ್ಲಿ ಕೇಳಿದ ಬಡಗಿಗಳೆಲ್ಲ ಅದನ್ನು ಒಡೆದು ಹೊಸದು ಮಾಡಿಸಿ ಎನ್ನುತ್ತಿದ್ದರಂತೆ. "ನಿಮಗ್ಯಾರಾದ್ರೂ ಗೊತ್ತೇನ್ರೀ?" ಎಂದು ಕೇಳಿದರು.

ನಾನು ಹೇಳಿಬಿಟ್ಟೆ. "ನಮ್ಮಪ್ಪ ಬಡಗಿ ಮೇಡಂ. ನಮ್ಮನೇಲಿ ನೀವು ನೋಡಿದ್ದು ಅವನೇ ಮಾಡಿದ್ದು. ಹರಾಜು ಎಲ್ಲ ಸುಳ್ಳು."

"ಅವರು ಅಲ್ಲೇ ಕೂತಿದ್ರಲ್ಲಮ್ಮಾ" ಎಂದರು. ಅಷ್ಟೇ. ಆಮೇಲೆ ತಾವೇ, "ಕರ್ಕೊಂಡು ಬಾ" ಎಂದರು. ಅಂದಿನವರೆಗೂ ಅವರು ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು.

ಅಪ್ಪನಿಗೆ ಇದ್ಯಾವುದನ್ನೂ ಹೇಳುವ ಧೈರ್ಯ ನನಗಾಗಲಿಲ್ಲ. ರಿಪೇರಿ ಕೆಲಸವಿದೆ ಎಂದಷ್ಟೇ ಹೇಳಿ ಕರೆದುಕೊಂಡು ಹೋದೆ. ಅಪ್ಪ ಡ್ರಾಯರು ಕಳಚಿ, ಮೂಲೆಯ ಕೀಲಿನ ಮೇಲೆ ಬೆರಳಾಡಿಸಿ ಹೇಳಿದ: "ಇದು ದೊರೆಗಳ ಸೀಮೆಯಿಂದ ಬಂದಿದ್ದಲ್ಲ ತಾಯಿ. ಕೀಲು ನೋಡಿದ್ರೆ ನಮ್ಮ ಕಡೆಯೋರ ಕೈಕೆಲ್ಸನೇ. ಯಾವೋನೋ ಪುಣ್ಯಾತ್ಮ, ಹೆಸ್ರು ಯಾರಿಗೆ ಗೊತ್ತು?" ಹೊಸ ಕಾಲು ಕೆತ್ತಿ ಹಳೆಯದಕ್ಕೆ ಹೊಂದಿಸಲು ಮೂರು ದಿನ ಹಿಡಿಯಿತು.

ಕೆಲಸ ಮುಗಿದ ದಿನ ಮೇಡಂ ತಾವೇ ಅಪ್ಪನಿಗೆ ಮೇಜಿನ ಮೇಲೆ ಎಲೆ ಹಾಕಿ ಬಡಿಸಿದರು. ಬಡಿಸುತ್ತಾ ಕೇಳಿದರು, "ಯಜಮಾನ್ರೇ, ಹೊಳಲ್ಕೆರೇಲಿರೋದನ್ನ ಮಾಡಿದ್ದೂ ನೀವೇ ಅಲ್ವಾ?"

ಅಪ್ಪನ ಕೈ ಎಲೆಯ ಮೇಲೆ ನಿಂತಿತು. ತಲೆ ಎತ್ತಿ ನನ್ನ ಮುಖ ನೋಡಿದ. ಹೌದೆನ್ನಲೋ ಬೇಡವೋ ಎಂದು, ತನ್ನ ಕೆಲಸವನ್ನು ತನ್ನದೆಂದು ಹೇಳಿಕೊಳ್ಳಲು, ಮಗಳ ಅಪ್ಪಣೆಗೆ ಕಾಯುತ್ತಿದ್ದ.

ನಾನು ತಲೆಯಾಡಿಸಿದೆ.

"ಹೂಂ ತಾಯಿ, ನಾನೇ" ಎಂದು ಅಪ್ಪ ಅನ್ನ ಕಲಸತೊಡಗಿದ. ನಾನು ಸಾರು ತರುವ ನೆವ ಮಾಡಿ ಅಡುಗೆಮನೆಗೆ ಹೋಗಿ ನಿಂತೆ.