ಒಳಗೆ ಬಿಟ್ಟ ಬಟ್ಟೆ

ಮೊನ್ನೆ ಮೊಮ್ಮಗಳ ಫ್ರಾಕು ಮೊಣಕಾಲಿನಿಂದ ಮೇಲೆ ಹೋಗಿತ್ತು. ಅಂಚು ಬಿಚ್ಚಿ ಉದ್ದ ಮಾಡೋಣವೆಂದು ಕನ್ನಡಕ ಏರಿಸಿ ಮಡಿಕೆ ತಿರುವಿದರೆ, ಒಳಗೆ ಉಗುರಿನಷ್ಟು ಬಟ್ಟೆಯೂ ಇಲ್ಲ. ಹೊಸ ಬಟ್ಟೆಯ ಗಂಜಿವಾಸನೆ ಮಾತ್ರ ಗಮ್ಮೆಂದಿತು. ಅಷ್ಟಕ್ಕೇ ನಾನು ಕಿಟಕಿಯ ಬಿಸಿಲಲ್ಲಿ ಕುಳಿತುಬಿಟ್ಟೆ. ನಿಮಗೂ ಹೀಗಾಗುತ್ತದೋ ಏನೋ. ನನಗಂತೂ ವಾಸನೆಯೊಂದು ಸಿಕ್ಕರೆ ಸಾಕು, ಒಲೆಯ ಮೇಲಿನ ಹಾಲು ದೇವರಿಗೇ ಅರ್ಪಿತ.

ಹೊಳೆನರಸೀಪುರದಲ್ಲೊಂದು ಆಶ್ರಮವಿದೆ. ಅಲ್ಲಿನ ಹೊಲಿಗೆಕೋಣೆಯದೂ ಇದೇ ವಾಸನೆ. ಬಸ್‌ಸ್ಟ್ಯಾಂಡು, ಸಂತೆಬೀದಿಗಳಲ್ಲಿ ಸಿಕ್ಕ ಹೆಣ್ಣುಮಕ್ಕಳಿಗೆ ಅನ್ನ, ಓದು, ಆಮೇಲೆ ಹೊಲಿಗೆ. ಹಾಸನದಲ್ಲಿ ಮೇಷ್ಟರಿಕೆ ಮಾಡುತ್ತಿದ್ದ ನಾನು ಭಾನುವಾರಗಳಂದು ಹೋಗಿ ಅವರಿಗೆ ಹೊಲಿಗೆಯ ಪಠ್ಯಪುಸ್ತಕ ಓದಿಸುತ್ತಿದ್ದೆ. ನನಗೊಂದು ಗುಂಡಿ ಹಾಕಲೂ ನೆಟ್ಟಗೆ ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಪುಣ್ಯದ ಕೆಲಸವೆಂಬ ಬಿಗುಮಾನ ಮಾತ್ರ ಬಹಳ. ಕಂಡಕ್ಟರ್ ಕೇಳದಿದ್ದರೂ ಯಾತಕ್ಕೆ ಹೊರಟಿದ್ದೇನೆಂದು ಹೇಳುತ್ತಿದ್ದೆ.

ಅಲ್ಲಿ ರತ್ನ ಇದ್ದಳು. ಐದರ ವಯಸ್ಸಿನಲ್ಲಿ ಅರಕಲಗೂಡು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವಳು. ಕತ್ತರಿ ಹಿಡಿದರೆ ಕೈ ನಡುಗದು. ಆಶ್ರಮದ ಮಕ್ಕಳದೊಂದು ಪದ್ಧತಿ: ಏನೇ ಹೊಲಿದರೂ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡುವುದು. ವರ್ಷವರ್ಷ ಬಿಚ್ಚಿ ದೊಡ್ಡದು ಮಾಡಿಕೊಂಡು, ಕೊನೆಗೆ ಚಿಕ್ಕವರಿಗೆ ಕೊಡುವುದು. ಯಾರೂ ಕಲಿಸಿದ್ದಲ್ಲ, ಉಟ್ಟು ಕಲಿತದ್ದು.

ಹದಿನೆಂಟು ತುಂಬಿದರೆ ಆಶ್ರಮ ಬಿಡಬೇಕಿತ್ತು. ಹೊಲಿಗೆ ಪರೀಕ್ಷೆಯ ಸರ್ಟಿಫಿಕೇಟು ಇದ್ದರೆ ಹಾಸನದ ಗಾರ್ಮೆಂಟ್ಸಿನಲ್ಲಿ ಕೆಲಸ, ಜೊತೆಗೆ ಹಾಸ್ಟೆಲಿನಲ್ಲೊಂದು ಮಂಚ. ಇಲ್ಲದಿದ್ದರೆ ಮತ್ತೆ ಬಸ್‌ಸ್ಟ್ಯಾಂಡೇ. ಪರೀಕ್ಷೆಯಲ್ಲಿ ನಾಲ್ಕು ವರ್ಷದ ಮಗುವಿನ ಫ್ರಾಕು ಹೊಲಿಯಲು ಕೊಟ್ಟರು. ಪುಸ್ತಕದ ಪ್ರಕಾರ ಒಳಗೆ ಅರ್ಧ ಇಂಚು. ರತ್ನ ಒಂದೂವರೆ ಬಿಟ್ಟಳು. ಪರೀಕ್ಷಕರು ಟೇಪು ಹಿಡಿದು ನೋಡಿ, ಅಳತೆ ತಪ್ಪೆಂದು ನಪಾಸು ಮಾಡಿದರು.

ನನಗೆ ಸಿಟ್ಟು ನೆತ್ತಿಗೇರಿತು. "ನೂರು ಸಲ ಓದಿಸಿದ್ದೆನಲ್ಲೇ, ತಲೇಲಿ ಏನು ತುಂಬ್ಕೊಂಡಿದ್ದೀಯ?" ಎಂದು ಎಲ್ಲರೆದುರೇ ಗದರಿದೆ.

ಅವಳು ಬೆರಳಿಗೆ ದಾರ ಸುತ್ತುತ್ತ ನಿಂತಿದ್ದಳು. "ನೆಪ್ಪಿತ್ತು ಮಿಸ್. ಆದ್ರೆ ಮಗು ಬೆಳೆಯಾಕಿಲ್ವಾ? ಅರ್ಧ ಇಂಚು ಬುಟ್ರೆ ಮುಂದಿನ್ವರ್ಸ ಏನ್ ಆಕ್ಕೊತದೆ?"

ನಾನು ಹಾಸನದ ಬಸ್ ಹಿಡಿದೆ.

ಆರು ತಿಂಗಳಿಗೆ ಮರುಪರೀಕ್ಷೆ. ಅದುವರೆಗೆ ದುದ್ದದ ಹತ್ತಿರ ಯಾರದೋ ಮನೆಯಲ್ಲಿ ಕಸಮುಸುರೆ ಮಾಡಿಕೊಂಡು, ಕೊಟ್ಟಿಗೆಯಲ್ಲಿ ದನಗಳ ಪಕ್ಕ ಮಲಗಿದ್ದಳೆಂದು ನನಗೆ ತಿಳಿದದ್ದು ಮರುಪರೀಕ್ಷೆಯ ದಿನ. ಅವತ್ತು ಅರ್ಧ ಇಂಚೇ ಬಿಟ್ಟಳು. ಪಾಸಾದಳು. ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ನಾನೇ ಹೊಲಿದವಳ ಹಾಗೆ.

ಇಷ್ಟೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಆಶ್ರಮಕ್ಕೆ ಫೋನು ಮಾಡಿ ವಿಳಾಸ ಕೇಳಿ, ನಿನ್ನೆ ಚನ್ನರಾಯಪಟ್ಟಣಕ್ಕೆ ಹೋದೆ. ರತ್ನಳದೇ ಹೊಲಿಗೆ ಅಂಗಡಿ. ಕಿವಿಯ ಬಳಿ ಕೂದಲು ಬೆಳ್ಳಗಾಗಿದೆ. ಒಳಗೆ ಮೂವರು ಹುಡುಗಿಯರು ಮಿಷನ್ ತುಳಿಯುತ್ತಿದ್ದರು.

"ಇವರೆಲ್ಲ ಯಾರೇ?"

"ಆಶ್ರಮದವ್ರು ಮಿಸ್. ಹದಿನೆಂಟು ತುಂಬ್ತು, ಎಲ್ಲಿಗೋದಾರು? ಇಲ್ಲೇ ಹಿಂದ್ಗಡೆ ರೂಮ್ನಾಗವ್ರೆ. ಕೆಲ್ಸ ಸಿಕ್ಕಗಂಟ ಇರ್ತಾರೆ."

ಕಾಫಿ ಕುಡಿದು ಲೋಟ ಕೆಳಗಿಟ್ಟೆ. ಹೇಳದೆ ಎದ್ದು ಬರಬಹುದಿತ್ತು. ಆದರೂ ಹೇಳಿದೆ: "ಆ ಆರು ತಿಂಗಳು ನಮ್ಮನೇಲಿ ಎರಡು ಕೋಣೆ ಖಾಲಿ ಇದ್ವು ಕಣೇ ರತ್ನ."

"ಗೊತ್ತು ಮಿಸ್," ಅಂದಳು ಅವಳು, ಕೋಪವಿಲ್ಲದೆ. "ಒಂದ್ಸಲ ಪುಸ್ತಕ ಈಸ್ಕೊಳಕ್ಕೆ ಬಂದಿದ್ನಲ್ಲ, ಆಗ್ಲೇ ನೋಡಿದ್ದೆ."

ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಅಷ್ಟು ನಾಚಿಕೆ ಆಗಬಲ್ಲದೆಂದು ತಿಳಿದಿರಲಿಲ್ಲ. ಹೊರಡುವಾಗ ಅವಳೇ ಬಸ್ಸಿನ ತನಕ ಬಂದಳು. ಕಿಟಕಿಯಿಂದ ಕೇಳಿದೆ, "ಇನ್ನೂ ಯಾರಾದ್ರೂ ಬರೋರಿದ್ದಾರಾ?"

"ಜೂನ್ನಾಗೆ ಒಬ್ಳು ಬತ್ತಾಳೆ. ಇಲ್ಲಿ ಇನ್ ಜಾಗಿಲ್ಲ ಮಿಸ್." ನನ್ನ ಮುಖ ನೋಡಿದಳು. "ಹಾಸನಕ್ಕೆ, ನಿಮ್ಮನೆಗೆ ಕಳಿಸ್ಲಾ?"

ಇವತ್ತು ಬೆಳಗಿನಿಂದ ಹಿಂದಿನ ಕೋಣೆಯ ಹಳೇ ಪತ್ರಿಕೆಗಳನ್ನೆಲ್ಲ ಹೊರಗೆ ಹಾಕುತ್ತಿದ್ದೇನೆ.