ಕಚ್ಚಿದ್ದು ತಿಳಿಯದ ಹಲ್ಲಿನ ಡಾಕ್ಟರು

ನಾನು ಹಲ್ಲಿನ ಡಾಕ್ಟರು. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಕೆಳಗೆ ಕ್ಲಿನಿಕ್ಕು, ಮೇಲೆ ಮನೆ. ಇಪ್ಪತ್ತೆರಡು ವರ್ಷಗಳಿಂದ ಜನರಿಗೆ "ಕಚ್ರಿ, ಬಿಡ್ರಿ, ಇನ್ನೊಮ್ಮೆ ಕಚ್ರಿ" ಎಂದು ಹೇಳಿಯೇ ಸಂಸಾರ ಸಾಗಿಸಿದವನು. ಕಚ್ಚುವುದರ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂಬ ಜಂಬ ಒಳಗೊಳಗೇ ಇತ್ತು. ಅದನ್ನು ಇಳಿಸಿದವರು ಆವರಗೆರೆಯ ಒಬ್ಬ ಅಜ್ಜ.

ಅಜ್ಜ ಬಂದದ್ದು ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳಲು. ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ನೂಲುವ ಮಷಿನಿನ ಮುಂದೆ ನಿಂತವರು; ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಸೆಟ್ಟು ಹಾಕಿಕೊಂಡು ಹೋದವರು ಮೂರನೇ ದಿನ ಮತ್ತೆ ಬಂದು ಕುರ್ಚಿಯ ಮೇಲೆ ಕೂತರು.

"ಎಡಗಡೆ ಹಿಂದ್ಲ ಹಲ್ಲು ಎತ್ರ ಐತೆ ಡಾಕ್ಟ್ರೇ."

ಗುರುತು ಬೀಳುವ ನೀಲಿ ಕಾಗದವನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿಸಿದೆ. ಎಲ್ಲ ಸರಿಯಾಗಿಯೇ ಕಂಡಿತು. "ಎರಡು ದಿನ ಹೋದ್ರೆ ಹೊಂದ್ಕೊಂತೈತೆ ಅಜ್ಜಾರೆ" ಎಂದೆ.

"ನಾನು ಹೊಂದ್ಕೊಂತೀನ್ರಿ. ಅದು ಹೊಂದ್ಕೊಳಂಗಿಲ್ಲ."

ಅವರ ಸಮಾಧಾನಕ್ಕೆಂದು ಭೂತಗನ್ನಡಿ ಹಿಡಿದು ನೋಡಿದೆ. ಅವರು ಹೇಳಿದ ಜಾಗದಲ್ಲೇ ಅರ್ಧ ಸಾಸಿವೆಯಷ್ಟು ನೀಲಿ ಚುಕ್ಕೆ! ಹಲ್ಲು ತೇಯುವ ಮಷಿನನ್ನು ಒಂದು ಕ್ಷಣ ತಾಗಿಸಿ ತೆಗೆದೆ. ಅಜ್ಜ ಬಾಯಿ ಮುಚ್ಚಿ, ತೆರೆದು, "ಹಾಂ, ಈಗ ಬಂತು" ಎಂದರು. ನನ್ನ ಮುಖ ಸಣ್ಣದಾಯಿತು.

"ಅದೆಂಗ್ರಿ ಗೊತ್ತಾತು ನಿಮಗೆ?"

"ಗಿರಣಿಯಾಗ ನೂಲು ಹರಿಯಾಕ ಮುಂಚೆನೇ ಬೆರಳಿಗೆ ಗೊತ್ತಾಗ್ತಿತ್ತು. ಈಗ ನೂಲು ಇಲ್ಲ. ಭಾನುವಾರ ಹರಿಹರದ ಹೊಳ್ಯಾಗ ಗಾಳ ಹಾಕ್ಕೊಂಡು ಕೂಡ್ತೀನಿ. ಮೀನು ಬಾಯಿ ಇಟ್ರೆ ಸಾಕು, ಗೊತ್ತಾಗ್ತೈತೆ."

ಗಾಳ ಎಂದದ್ದೇ ನಾನು ಕೈಯಲ್ಲಿದ್ದ ಭೂತಗನ್ನಡಿ ಕೆಳಗಿಟ್ಟೆ; ಅದರ ಕಾರಣ ಹೇಳಬೇಕು. ನನ್ನ ಎಕ್ಸ್‌ರೇ ಮಷಿನಿನ ಹಿಂದೆ ಒಂದು ಉದ್ದನೆಯ ಚೀಲವಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ವಿದೇಶದವರು ಮೀನು ಹಿಡಿಯುವುದನ್ನು ನೋಡಿ ನೋಡಿ ತಲೆಕೆಟ್ಟು ತರಿಸಿಕೊಂಡ ಗಾಳದ ರಾಡು ಅದರಲ್ಲಿತ್ತು. ಅವರು ರಬ್ಬರಿನ ಹುಳಕ್ಕೆ ಸೀಸದ ಗುಂಡು ಕಟ್ಟಿ ಕೆರೆಯ ತಳದಲ್ಲಿ ನಿಧಾನವಾಗಿ ಎಳೆಯುತ್ತಾರೆ. ತಳದಲ್ಲಿ ಏನಾಗುತ್ತಿದೆ ಎಂಬುದನ್ನು ಕೈಯಿಂದಲೇ ತಿಳಿಯುತ್ತಾರೆ. ಇದು ನನ್ನಂಥ ಕೈ ಇರುವವನ ಆಟ ಎಂದುಕೊಂಡಿದ್ದೆ. ಆದರೆ ನಮ್ಮದು ಶಿವಪೂಜೆಯ ಮನೆ. ಮೊಟ್ಟೆಯ ಚಿತ್ರವಿದೆ ಎಂಬ ಕಾರಣಕ್ಕೆ ನಮ್ಮವ್ವ ಒಂದು ಹೊಸ ಕ್ಯಾಲೆಂಡರನ್ನೇ ವಾಪಸ್ ಕಳಿಸಿದ್ದಳು. ರಾಡಿನ ವಿಷಯ ಹೆಂಡತಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿರಲಿಲ್ಲ. ತರಿಸಿ ಎಂಟು ತಿಂಗಳಾದರೂ ಅದು ನೀರು ಕಂಡಿರಲಿಲ್ಲ.

ಬಾಗಿಲು ಮುಂದಕ್ಕೆ ಹಾಕಿ ಅಜ್ಜನಿಗೆ ತೋರಿಸಿದೆ. ಅವರು ಚೀಲದಲ್ಲಿದ್ದ ರಬ್ಬರ್ ಹುಳವನ್ನು ಎಳೆದು ನೋಡಿ, "ಇದನ್ನ ಮೀನು ತಿಂತೈತೇನ್ರಿ?" ಎಂದರು.

"ಫಾರಿನ್ನಿನ ಮೀನು ತಿಂತಾವ್ರಿ."

"ನಮ್ಮವು ಜ್ವಾಳದ ಹಿಟ್ಟು ತಿನ್ನೋವು. ಬರ್ರಿ, ಭಾನುವಾರ ನೋಡೇಬಿಡೋಣ."

ಭಾನುವಾರ ಬೆಳಿಗ್ಗೆ ಅವ್ವನಿಗೆ "ಹರಿಹರಕ್ಕೆ ಹೋಗಿ ಬರ್ತೀನಿ" ಎಂದೆ. ನಾನು ಹೇಳಿದ್ದು ಅಷ್ಟೇ. ಗುಡಿಗೆ ಎಂದು ಅವಳೇ ತಿಳಿದುಕೊಂಡಳು. ನಾನು ತಿದ್ದಲಿಲ್ಲ.

ಹೊಳೆಯಲ್ಲಿ ನೀರು ಇಳಿದಿತ್ತು. ಸ್ನಾನದ ಮೆಟ್ಟಿಲುಗಳಿಂದ ಸಾಕಷ್ಟು ದೂರದಲ್ಲಿ ಅಜ್ಜನ ಖಾಯಂ ಬಂಡೆ. ನಾನು ಹುಳವನ್ನು ಎಸೆದು, ತಳ ಮುಟ್ಟಿದ ಮೇಲೆ ಗೇಣುಗೇಣಾಗಿ ಎಳೆಯತೊಡಗಿದೆ. ಅಜ್ಜ ನನ್ನ ಪಕ್ಕದಲ್ಲಿ ಕೂತು, ರಾಡಿನ ಮುಂದಿನ ದಾರಕ್ಕೆ ತೋರುಬೆರಳನ್ನು ಹಗುರವಾಗಿ ತಾಗಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು:

"ಕಚ್ತು."

"ಯಾವಾಗ?"

"ಬಿಡ್ತು."

ಮತ್ತೆ ಎಸೆದೆ. ಮತ್ತೆ ಎಳೆದೆ. "ಕಚ್ತು" ಎಂದರು. ನಾನು ರಾಡು ಎತ್ತುವಷ್ಟರಲ್ಲಿ, "ಬಿಡ್ತು. ಅದಕ್ಕೂ ಬ್ಯಾರೆ ಕೆಲಸ ಇರ್ತಾವ್ರಿ" ಎಂದರು. ಹೀಗೆ ಆರು ಸಲ. ಆರರಲ್ಲಿ ಒಂದೂ ನನ್ನ ಕೈಗೆ ತಿಳಿಯಲಿಲ್ಲ. ನರ ಎಲ್ಲಿ ಶುರುವಾಗುತ್ತದೆಂದು ಸೂಜಿಯ ತುದಿಯಲ್ಲಿ ಕಂಡುಹಿಡಿಯುವ ಕೈ ಇದು!

"ನೀವು ಮೀನು ಎಳಿಲಿ ಅಂತ ಕಾಯಾಕತ್ತೀರಿ" ಎಂದರು ಅಜ್ಜ. "ತಳದಾಗಿನ ಮೀನು ಎಳಿಯಂಗಿಲ್ಲ. ಸುಮ್ನೆ ಬಾಯಾಗ ಇಟ್ಕೊಂಡು ರುಚಿ ನೋಡ್ತೈತೆ. ಕಲ್ಲಾದ್ರೆ ಟಕ್ ಅಂತೈತೆ. ಕಳೆ ಆದ್ರೆ ರಬ್ಬರಿನಂಗೆ ಜಗ್ತೈತೆ. ಮೀನಾದ್ರೆ, ಗುಂಡಿನ ಭಾರ ಇದ್ದದ್ದು ಇಲ್ದಂಗಾಗ್ತೈತೆ. ಇಲ್ಲಾಂದ್ರೆ ದಾರ ತಾನಾಗೇ ಒಂಚೂರು ಪಕ್ಕಕ್ಕೆ ಸರೀತೈತೆ. ಏನರ ಬ್ಯಾರೆ ಅನ್ನಿಸ್ತೋ, ಎತ್ತಿಬಿಡ್ರಿ."

ಈ ಕೊನೆಯ ಮಾತನ್ನು ನಾನು ಅತಿಯಾಗಿ ಪಾಲಿಸಿದೆ. ಮುಂದಿನ ಎರಡು ಭಾನುವಾರ ನನಗೆ ಎಲ್ಲವೂ ಬೇರೆ ಅನ್ನಿಸಿತು. ಕಲ್ಲಿಗೂ ಎತ್ತಿದೆ, ಕಳೆಗೂ ಎತ್ತಿದೆ, ಒಂದು ಚಪ್ಪಲಿಗೂ ಎತ್ತಿದೆ. ಆಮೇಲೊಂದು ದಿನ ಗುಂಡಿನ ಭಾರ ನಿಜವಾಗಿಯೂ ಬದಲಾಯಿತು. ರಾಡು ಬಿಲ್ಲಿನಂತೆ ಬಗ್ಗಿತು. "ಅಜ್ಜಾರೆ, ಬಂತು!" ಎಂದು ಕೂಗಿದೆ. ಅಜ್ಜ ದಾರ ಮುಟ್ಟಿ ನೋಡಿ, ಎಲೆಯಡಿಕೆಯ ಚೀಲ ಬಿಚ್ಚತೊಡಗಿದರು. ಐದು ನಿಮಿಷ ಹೋರಾಡಿ ಮೇಲಕ್ಕೆಳೆದರೆ ಹಸಿರು ಬಣ್ಣದ, ಕೆಂಪು ಅಂಚಿನ ಸೀರೆ. ಯಾರೋ ಪೂಜೆ ಮಾಡಿ ಹೊಳೆಗೆ ಬಿಟ್ಟದ್ದು.

ಅಷ್ಟರಲ್ಲಿ ನನ್ನ ಕೂಗು ಕೇಳಿ, ಹೊಳೆಪೂಜೆಗೆ ಬಂದಿದ್ದ ಒಂದು ಕುಟುಂಬ ಬಂಡೆಯ ಹತ್ತಿರ ಬಂದಿತ್ತು. ಅದರಲ್ಲಿನ ಹಿರಿಯ ಹೆಂಗಸು ನೀರು ಸುರಿಯುತ್ತಿದ್ದ ಸೀರೆಯನ್ನು ನೋಡಿದವಳೇ ಕೈ ಮುಗಿದಳು.

"ಗಂಗವ್ವ ವಾಪಸ್ ಕೊಟ್ಳು! ಯಾರ ಕೈಗೆ ಕೊಟ್ಳು ನೋಡು!"

"ಇಲ್ರಿ ಅಮ್ಮ, ನಾನು ಹಲ್ಲಿನ ಡಾಕ್ಟರು" ಎಂದೆ. ಅದು ಯಾವ ಪ್ರಶ್ನೆಗೆ ಉತ್ತರವೋ ನನಗೇ ತಿಳಿಯಲಿಲ್ಲ. ಆಕೆ ನನ್ನ ಹಣೆಗೆ ಕುಂಕುಮ ಹಚ್ಚಿ, ಕೈಗೆ ಬಾಳೆಹಣ್ಣು ಕೊಟ್ಟು, ಸೀರೆಯನ್ನು ಭಕ್ತಿಯಿಂದ ಗಾಳದಿಂದ ಬಿಡಿಸಿಕೊಂಡು ಮತ್ತೆ ಹೊಳೆಗೇ ಬಿಟ್ಟಳು. ಅದು ತೇಲುತ್ತಾ ಹೋಗಿ ನಾನು ಗಾಳ ಹಾಕುವ ಜಾಗದಲ್ಲೇ ಮುಳುಗಿತು. ಅಜ್ಜ ಸೆಟ್ಟನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ನಕ್ಕರು. ನಗುವಾಗ ಅದು ಬೀಳಬಹುದೆಂಬ ಭಯ ಅವರಿಗೆ.

ಕುಂಕುಮ, ಬಾಳೆಹಣ್ಣು ಎರಡನ್ನೂ ಕಂಡು ಅವ್ವನಿಗೆ ಸಂತೋಷವಾಯಿತು. ನಮ್ಮ ಬೀದಿಯಲ್ಲೆಲ್ಲ, "ನಮ್ಮ ಹುಡುಗ ಈಗ ವಾರ ತಪ್ಪಿಸಂಗಿಲ್ಲ, ಹರಿಹರಕ್ಕೆ ಹೋಗ್ತಾನೆ" ಎಂದು ಹೇಳಿಕೊಂಡು ಬಂದಳು. ನನಗೆ ಐವತ್ತು ಸಮೀಪಿಸಿತ್ತು.

ಕಚ್ಚಿದ್ದು ತಿಳಿಯಲೇಬೇಕೆಂಬ ಹಟ ಹಿಡಿಯಿತು. ಕ್ಲಿನಿಕ್ಕು ಮುಚ್ಚಿದ ಮೇಲೆ ಅಭ್ಯಾಸ ಶುರುಮಾಡಿದೆ. ನಾನು ಕಣ್ಣು ಮುಚ್ಚಿ ಕುರ್ಚಿಯಲ್ಲಿ ರಾಡು ಹಿಡಿದು ಕೂರುವುದು. ದಾರದ ತುದಿಯನ್ನು ಪಕ್ಕದ ಕೋಣೆಯಲ್ಲಿ ಹೆಂಡತಿ ಹಿಡಿದು, ಮನಸ್ಸಿಗೆ ಬಂದಾಗ ಮೆಲ್ಲಗೆ ಅಲುಗಿಸುವುದು. ತಿಳಿದ ಕೂಡಲೇ ನಾನು "ಈಗ" ಎನ್ನುವುದು. ಮೊದಲ ದಿನ ಹನ್ನೊಂದು ಸಲ "ಈಗ" ಎಂದೆ. ಕಣ್ಣು ತೆರೆದಾಗ ಹೆಂಡತಿ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದಳು: "ರೀ, ಯಾರ ಜೊತೆ ಮಾತಾಡ್ತಿದೀರಿ? ನಾನು ಆಗಲೇ ದಾರ ಬಾಗಿಲ ಚಿಲಕಕ್ಕೆ ಕಟ್ಟಿ ಅನ್ನಕ್ಕಿಡೋಕೆ ಹೋಗಿದ್ದೆ."

ಗುಟ್ಟು ಬಯಲಾದದ್ದು ಅದರ ಮುಂದಿನ ವಾರ. ಭಾನುವಾರ ಬೆಳಿಗ್ಗೆ ಕಾರಿನ ಹತ್ತಿರ ಹೋದರೆ ಮುಂದಿನ ಸೀಟಿನಲ್ಲಿ ಅವ್ವ ಕೂತಿದ್ದಾಳೆ. ಮಡಿಲಲ್ಲಿ ಬುತ್ತಿ, ಹೂವು. "ನಾನೂ ಬರ್ತೀನಪ್ಪ. ನೀನೊಬ್ನೇ ಪುಣ್ಯ ಕಟ್ಕೊಂಡ್ರೆ ಹೆಂಗೆ?"

ಮೊದಲು ಗುಡಿಗೆ ಹೋದೆವು. ದರ್ಶನವಾಯಿತು. ಪೂಜಾರಿ ನನ್ನನ್ನು ಗುರುತು ಹಿಡಿಯಲಿಲ್ಲ. ಅವ್ವ ಅದನ್ನು ಗಮನಿಸಿದಳು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದಳು: "ವಾರ ವಾರ ಬರ್ತೀಯ. ಇಲ್ಲಿ ಯಾರಿಗೂ ನಿನ್ನ ಗುರುತೇ ಇಲ್ಲಲ್ಲೋ?"

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಎಲ್ಲ ಹೇಳಿದೆ. ಹಿಡಿದು ಬಿಟ್ಟುಬಿಡುತ್ತೇನೆ, ತಿನ್ನುವುದಿಲ್ಲ, ನಿಜ ಹೇಳಬೇಕೆಂದರೆ ಇನ್ನೂ ಹಿಡಿದೇ ಇಲ್ಲ ಎಂದೂ ಹೇಳಿದೆ. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಇದ್ದ ಹಾಗೆಯೇ ಅವ್ವ ನನ್ನ ಕಡೆ ತಿರುಗಿದಳು.

"ಒಂದೂ ಇಲ್ಲ?"

"ಒಂದೂ ಇಲ್ಲವ್ವ."

"ಮಾಡಬಾರದ್ದು ಮಾಡಿದ್ದೂ ಆತು, ಅದೂ ನೆಟ್ಟಗೆ ಬರಲಿಲ್ಲ. ನಡಿ, ಎಲ್ಲಿ ಅಂತ ತೋರ್ಸು."

ಬಂಡೆಯ ಮೇಲೆ ಅಜ್ಜ ಗಡಬಡಿಸಿ ಎದ್ದು ನಿಂತು, "ಬರ್ರಿ ಅವ್ವಾರೆ, ಕೂಡ್ರಿ" ಎಂದು ತಮ್ಮ ಟವೆಲ್ಲು ಹಾಸಿದರು. ಅವ್ವ ಮುಖ ಹೊಳೆಯ ಆಚೆ ದಡಕ್ಕೆ ತಿರುಗಿಸಿ ಕೂತಳು. ನಾನು ಒಮ್ಮೆ ಎಸೆದೆ. ಹುಳ ತಳ ಸೇರಿದ ಮೇಲೆ ನೆನಪಾಯಿತು: ಬಿಸಿಲಿಗೆ ಹಿಡಿಯುವ ಅವ್ವನ ಕೊಡೆ ಕಾರಿನಲ್ಲೇ ಉಳಿದಿತ್ತು. "ಅವ್ವ, ಒಂದು ನಿಮಿಷ ಇದನ್ನ ಹಿಡ್ಕೊಂಡಿರು" ಎಂದು ರಾಡನ್ನು ಅವಳ ಕೈಗಿತ್ತು ಹೊರಟೆ. ಅವಳು ಅದನ್ನು ಬೇರೆಯವರ ಮನೆಯ ಕೂಸನ್ನು ಹಿಡಿದ ಹಾಗೆ, ಮೈಗೆ ತಾಗದಂತೆ ಹಿಡಿದುಕೊಂಡಳು.

ನಾನು ಇಪ್ಪತ್ತು ಹೆಜ್ಜೆ ಹೋಗಿರಬೇಕು. ಹಿಂದಿನಿಂದ ಅವ್ವನ ದನಿ ಕೇಳಿತು: "ಏನಪ್ಪ, ಇದರ ಭಾರ ಎಲ್ಲಿ ಹೋತು? ಈಗ ಇತ್ತಲ್ಲ!"

"ಎತ್ರಿ ಅವ್ವಾರೆ! ಎತ್ರಿ!" ಎಂದು ಅಜ್ಜ ಕೂಗಿದರು. ಅವ್ವ ಗಾಬರಿಯಿಂದ ಎದ್ದು ನಿಂತಳು. ಆ ಏಳುವ ರಭಸಕ್ಕೇ ರಾಡೂ ಎದ್ದಿತು. ನೀರು ಸೀಳಿಕೊಂಡು ಒಂದು ಕೊರವ ಮೀನು ಮೇಲೆ ಹಾರಿತು. ಹಾವಿನಂಥ ತಲೆ, ಒಂದು ಮೊಳ ಉದ್ದ.

"ಅಯ್ಯೋ ಶಿವನೇ, ಇದು ನನ್ನನ್ನೇ ಎಳೀತೈತೆ! ಬಾರೋ!"

"ಬಿಡಬ್ಯಾಡವ್ವ!"

"ಬಿಡು ಅಂದ್ರೂ ಬಿಡಾಕ ಬರವಲ್ದು!"

ನಾನು ಓಡಿ ಬಂದೆ, ಮೂವರೂ ಸೇರಿ ದಡಕ್ಕೆ ತಂದೆವು. ಗಾಳ ಒಳಗೆ ಸಿಕ್ಕಿತ್ತು. ನನ್ನ ಜೇಬಿನಲ್ಲಿ ಕ್ಲಿನಿಕ್ಕಿನ ಇಕ್ಕಳ ಇತ್ತು. ಮೀನಿನ ಬಾಯಿ ತೆರೆದು ನೋಡಿದೆ. ಸಣ್ಣ ಸಣ್ಣ ಚೂಪು ಹಲ್ಲುಗಳ ಸಾಲು, ಒಂದೂ ಹುಳುಕಿಲ್ಲ. ಅಭ್ಯಾಸಬಲದಿಂದ ನನ್ನ ಬಾಯಿಯಿಂದ "ಸ್ವಲ್ಪ ಅಗಲ ತೆಗೀರಿ" ಎಂಬ ಮಾತು ಬಂದುಬಿಟ್ಟಿತು. ಗಾಳ ಬಿಡಿಸಿಕೊಂಡೆ.

ಈಗ ಅಜ್ಜನ ಕಣ್ಣಲ್ಲಿ ಸಾರು ಕುದಿಯುತ್ತಿತ್ತು. "ಅವ್ವಾರೆ, ಸೊಸೆ ಮಸಾಲಿ ಅರೆದಿಟ್ಟಾಳ್ರಿ" ಎಂದರು ಮೆಲ್ಲಗೆ.

"ನನ್ನ ಕೈಯಾಗಿನ ಜೀವ ಇದು. ನೀರಿಗೆ ಬಿಡ್ರಿ" ಎಂದಳು ಅವ್ವ. ಆಮೇಲೆ ಬುತ್ತಿ ಬಿಚ್ಚಿ, ಎರಡು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯನ್ನು ಅವರ ಮುಂದಿಟ್ಟಳು. ಅಜ್ಜ ಒಮ್ಮೆ ಮೀನನ್ನು, ಒಮ್ಮೆ ಎಣ್ಣೆಗಾಯಿಯನ್ನು ನೋಡಿದರು. ನಿಟ್ಟುಸಿರು ಬಿಟ್ಟು ಮೀನನ್ನು ನೀರಿಗೆ ಜಾರಿಸಿದರು. ಊಟ ಮಾಡುತ್ತಾ, "ನಿಮ್ಮ ಬೆರಳು ಗಿರಣಿಯಾಗ ಇರಬೇಕಿತ್ರಿ" ಎಂದರು.

"ನನಗೇನು ಗೊತ್ರೀ. ಕೈ ಹಗುರಾತು, ಹೇಳ್ದೆ" ಎಂದಳು ಅವ್ವ.

ಅವ್ವ ಮತ್ತೆ ಹೊಳೆಗೆ ಬರಲಿಲ್ಲ. ಹೋಗಬೇಡವೆಂದು ನನಗೆ ಹೇಳಲೂ ಇಲ್ಲ. ಮನೆಗೆ ಬಂದೊಡನೆ "ಸ್ನಾನ ಮಾಡು" ಎನ್ನುತ್ತಾಳೆ, ಮಾಡಿ ಬಂದ ಮೇಲೆ, "ಇವತ್ತಾದ್ರೂ ತಿಳೀತಾ?" ಎಂದು ಕೇಳುತ್ತಾಳೆ. ಹಾಗೆ ಕೇಳುವುದು ಬೈಗುಳಕ್ಕಿಂತ ಕಷ್ಟ.

ನನಗೆ ತಿಳಿದದ್ದು ಅದಾಗಿ ಎರಡು ತಿಂಗಳಿಗೆ. ಅಂದು ಏನನ್ನೂ ಯೋಚಿಸುತ್ತಿರಲಿಲ್ಲ. ಗುಂಡು ತಳದ ಮರಳಿನ ಮೇಲೆ ನುಣ್ಣಗೆ ಜಾರುತ್ತಿತ್ತು, ಒಂದು ಕಲ್ಲನ್ನು ಹತ್ತಿ ಇಳಿಯಿತು. ಆಮೇಲೆ, ದಾರದ ಆ ಬದಿಯಲ್ಲಿ ಯಾರೋ ಉಸಿರು ಬಿಗಿಹಿಡಿದ ಹಾಗೆ ಅನ್ನಿಸಿತು. ಎಳೆತವಿಲ್ಲ, ತಟ್ಟಿದ್ದೂ ಇಲ್ಲ, ಕೈಯಲ್ಲಿದ್ದ ತೂಕ ಸುಮ್ಮನೆ ಇಲ್ಲವಾಯಿತು. ಅಜ್ಜನ ಕಡೆ ನೋಡಿದೆ. ಅವರು ಎಲೆಯಡಿಕೆ ಹಾಕಿಕೊಳ್ಳುತ್ತಾ ಬೇರೆ ಕಡೆ ನೋಡುತ್ತಿದ್ದರು. ಎತ್ತಿದೆ. ಆ ತುದಿಯಲ್ಲಿ ಜೀವ ಮಿಡಿಯಿತು.

ಬಂದದ್ದು ನನ್ನ ಬೆರಳಷ್ಟು ಮೀನು. ಅಜ್ಜ ಕಣ್ಣು ಕಿರಿದು ಮಾಡಿ ನೋಡಿ, "ಇದಕ್ಕಿಂತ ನಿಮ್ಮ ರಬ್ಬರ್ ಹುಳನೇ ದೊಡ್ಡದೈತಲ್ರಿ! ಯಾರು ಯಾರನ್ನ ತಿನ್ನಾಕ ಹೊಂಟಿದ್ರು?" ಎಂದರು.

ಮೀನನ್ನು ಅಂಗೈ ನೀರಿನಲ್ಲಿ ಇಟ್ಟುಕೊಂಡು ಹೊಳೆಗೆ ಬಿಟ್ಟೆ. ಅಜ್ಜ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಒಂದು ಗುಟುಕು ಕುಡಿದು, ಅವ್ವನಿಗೆ ಫೋನು ಹಚ್ಚಿ, "ತಿಳೀತವ್ವ" ಎಂದೆ.